ಜೀಪಿಗೆ ದೊಡ್ಡ ಟೈರ್ ಹಾಕಿದರೆ ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಏಕೆ ಇಳಿಯುತ್ತದೆ?

ಒಂದೇ ವೇಗದಲ್ಲಿ ದೊಡ್ಡ ಟೈರ್ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುತ್ತದೆ, ಅದಕ್ಕೇ. ಆ ಸುತ್ತುಗಳನ್ನು ಆಕ್ಸಲ್ ರೇಷಿಯೋದಿಂದ (ಚಕ್ರ ಒಂದು ಸುತ್ತು ಹಾಕಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬ ಸಂಖ್ಯೆ), ಆಮೇಲೆ ಓಡುತ್ತಿರುವ ಗೇರಿನ ರೇಷಿಯೋದಿಂದ ಗುಣಿಸಿದರೆ ಎಂಜಿನ್ ಆರ್‌ಪಿಎಂ ಸಿಗುತ್ತದೆ.

ಜೀಪ್ ರ‍್ಯಾಂಗ್ಲರ್ ಲೆಕ್ಕ ನೋಡಿ. 225/75 ಆರ್16 ಟೈರಿನ ವ್ಯಾಸ ಸುಮಾರು 744 ಮಿ.ಮೀ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 570 ಸುತ್ತು ಹಾಕುತ್ತದೆ. ಆಕ್ಸಲ್ ರೇಷಿಯೋ 3.73, ಗೇರ್ 1:1 ಇದ್ದರೆ ಎಂಜಿನ್ 2,130ರ ಆಸುಪಾಸು. ಅದೇ ಗಾಡಿಗೆ 33 ಇಂಚಿನ ಟೈರ್ ಹಾಕಿದರೆ 1,890ಕ್ಕೆ ಇಳಿಯುತ್ತದೆ.

ಹಾಗಾದರೆ ಮೈಲೇಜ್ ಜಾಸ್ತಿ ಆಗಬೇಕಲ್ವಾ? ಹಾಗಾಗುವುದು ಅಪರೂಪ. ದೊಡ್ಡ ಟೈರಿನ ತೂಕ ಜಾಸ್ತಿ, ಗಾಳಿಯ ತಡೆಯೂ ಜಾಸ್ತಿ, ಎಳೆಯುವ ಶಕ್ತಿ ಮಾತ್ರ ಕಡಿಮೆ. ಘಾಟಿ ಹತ್ತುವಾಗ ಪದೇ ಪದೇ ಗೇರ್ ಇಳಿಸಬೇಕಾಗುತ್ತದೆ. ಏರಿನಲ್ಲಿ ನಿಂತ ಗಾಡಿ ಎತ್ತುವಾಗ ಕ್ಲಚ್ ಬೇಗ ಸವೆಯುತ್ತದೆ.

ಸರಿಯಾದ ದಾರಿ ಕ್ರೌನ್-ಪಿನಿಯನ್, ಅಂದರೆ ಆಕ್ಸಲ್ ರೇಷಿಯೋ ನಿರ್ಧರಿಸುವ ಹಲ್ಲುಚಕ್ರಗಳ ಜೋಡಿ, ಬದಲಿಸುವುದು. 4.10 ರೇಷಿಯೋ ಹಾಕಿಸಿದರೆ ಆರ್‌ಪಿಎಂ ಸುಮಾರು 2,075ಕ್ಕೆ ಬರುತ್ತದೆ, ಹೆಚ್ಚುಕಡಿಮೆ ಮೊದಲಿನಷ್ಟೇ. ಖರ್ಚು ಉಳಿಸಲು ಹಿಂದಿನ ಆಕ್ಸಲ್ ಒಂದನ್ನೇ ಬದಲಿಸಬೇಡಿ, ದಯವಿಟ್ಟು. ಎರಡೂ ಆಕ್ಸಲ್‌ಗೆ ಬೇರೆ ಬೇರೆ ರೇಷಿಯೋ ಇದ್ದಾಗ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಭಾಗ) ಮುರಿಯಬಹುದು.

ಸ್ಪೀಡೋಮೀಟರನ್ನೂ ಹೊಸ ಅಳತೆಗೆ ಹೊಂದಿಸಿ. ಬರೀ ಟೈರ್ ಬದಲಿಸಿ ಬಿಟ್ಟರೆ ಅದು 80 ತೋರಿಸುವಾಗ ಗಾಡಿ ನಿಜವಾಗಿ 90ರಲ್ಲಿ ಓಡುತ್ತಿರುತ್ತದೆ.