ಬಿಪಿ ಏರಿದ ಬಾಣಂತಿಯನ್ನು ಎಷ್ಟು ದಿನ ಮಲಗಿಸಿಡುತ್ತೀರಿ?

ಇಂಥ ಹೆಣ್ಣುಮಕ್ಕಳು ನನ್ನ ಬಳಿ ಮೇಲಿಂದ ಮೇಲೆ ಬರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಚೊಚ್ಚಲ ಹೆರಿಗೆ. ಎಂಟು ತಿಂಗಳಿಗೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಕಂಡು, ಸಿಸೇರಿಯನ್ ಆಯಿತು. ಮಗು ಗಟ್ಟಿಮುಟ್ಟಾಗಿದೆ. ನಾಲ್ಕು ತಿಂಗಳಾಗಿ, ವೈದ್ಯರು ‘ಇನ್ನು ನಡೆಯಮ್ಮ’ ಎಂದರೂ ಆಕೆ ಬಾಣಂತಿ ಕೋಣೆ ಬಿಟ್ಟಿರಲಿಲ್ಲ. ನನ್ನಲ್ಲಿಗೆ ತಾಯಿಯ ಜೊತೆ ಬಂದಳು.

“ಸೋಮಾರಿತನ ಅಲ್ಲ ಮೇಡಂ. ನಾಲ್ಕು ಹೆಜ್ಜೆ ಇಟ್ಟರೆ ಎದೆ ಡವಡವ ಅನ್ನುತ್ತೆ. ಆಗಲೂ ಹೀಗೇ ಶುರುವಾಗಿತ್ತು. ಹೆದರಿ ಕೂತುಬಿಡ್ತೀನಿ.”

ತಾಯಿ ಮಗುವನ್ನು ತಟ್ಟುತ್ತಲೇ ಅಂದರು: “ಇವಳನ್ನ ಐಸಿಯುನಲ್ಲಿ ನೋಡಿದೀನಿ. ಮಲಗಿದ್ದರೆ ಕಣ್ಣೆದುರಿಗಾದರೂ ಇರ್ತಾಳೆ.”

ಅಡ್ಡ ನಿಂತದ್ದು ಸಂಪ್ರದಾಯವಲ್ಲ, ಭಯ. ಭಯಕ್ಕೆ ಬುದ್ಧಿವಾದ ನಾಟುವುದಿಲ್ಲ. ನರ್ಸ್‌ಗೆ ಹೇಳಿ ಬಿಪಿ ನೋಡಿಸಿದೆ: 122/78. ಮೂವರೂ ವರಾಂಡದಲ್ಲಿ ನಿಧಾನವಾಗಿ ಓಡಾಡಿದೆವು. ಎದೆ ಬಡಿಯತೊಡಗಿದಾಗ ಮಣಿಕಟ್ಟಿನ ನಾಡಿ ಮುಟ್ಟಿ ನೋಡಲು ಹೇಳಿದೆ. ಕೂತು ಸುಧಾರಿಸಿಕೊಂಡ ಮೇಲೆ ಮತ್ತೆ ನೋಡಿದರೆ 124/78. ನಡೆದಾಗ ಎದೆಬಡಿತ ಹೆಚ್ಚುವುದು ಸಹಜ, ಕೂತರೆ ಇಳಿಯುತ್ತದೆ ಎಂದು ವಿವರಿಸಿದೆ. ಆ ಅಂಕಿಯನ್ನು ಮಗಳಿಗಿಂತ ಹೆಚ್ಚು ಹೊತ್ತು ನೋಡಿದವರು ತಾಯಿ.

‘ಹಸಿ ಮೈ ಬಾಣಂತಿಯನ್ನು ಓಡಾಡಿಸುತ್ತೀರಾ’ ಎಂದು ನನ್ನನ್ನು ಕೇಳುವವರಿದ್ದಾರೆ. ಹೆರಿಗೆಯಾದ ಮೊದಲ ವಾರ ಬಿಪಿ ಮತ್ತೆ ಏರಬಹುದು, ಆಗ ಎಚ್ಚರ ಬೇಕೇಬೇಕು. ಆದರೆ ಗರ್ಭಿಣಿಯಾಗಿದ್ದಾಗ ಹೀಗೆ ಬಿಪಿ ಏರಿದವರಿಗೆ ಮುಂದೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಅದನ್ನು ತಗ್ಗಿಸಲೆಂದೇ ಈ ನಡಿಗೆ. ಮನೆಮಂದಿಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಹೊಟ್ಟೆ ಕರಗಿಸಲು ನಡೆ ಎಂದು ಮಾತ್ರ ಹೇಳುತ್ತಾರೆ. ನಾನು ಆ ಮಾತೇ ಎತ್ತುವುದಿಲ್ಲ. ಸೊರಗಿದ ಹೆಣ್ಣಿಗೆ ಅದು ಇನ್ನೊಂದು ಅವಮಾನ.

ಆಕೆಗೆ ಹೇಳಿದ್ದಿಷ್ಟು: ತಲೆಗೆ ಬಟ್ಟೆ, ಕಾಲಿಗೆ ಸಾಕ್ಸ್ ಇರಲಿ, ಅಮ್ಮನಿಗೂ ಸಮಾಧಾನ. ಅಂಗಳದಲ್ಲೇ ಹತ್ತು ನಿಮಿಷದಿಂದ ಶುರುಮಾಡು. ನಡೆಯುತ್ತಾ ಮಾತಾಡಲು ಆಗಬೇಕು, ಅಷ್ಟೇ ವೇಗ ಸಾಕು. ಮೆಲ್ಲಗೆ ಹೆಚ್ಚಿಸುತ್ತಾ ವಾರಕ್ಕೆ 150 ನಿಮಿಷ ಮುಟ್ಟಿದರಾಯಿತು. ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರಿಗೂ ಹೇಳುವುದು ಅಷ್ಟೇ. ಬಿಪಿ ಮಾತ್ರೆಯನ್ನು ವೈದ್ಯರು ಹೇಳದೆ ಬಿಡಬೇಡ. ತೀವ್ರ ತಲೆನೋವು, ಕಣ್ಣು ಮಂಜು, ಎದೆನೋವು, ಉಸಿರುಕಟ್ಟುವಿಕೆ ಕಂಡರೆ ತಕ್ಷಣ ಆಸ್ಪತ್ರೆಗೆ. ವರ್ಷಕ್ಕೊಮ್ಮೆ ಬಿಪಿ ನೋಡಿಸು, ಮುಂದೆ ಯಾವ ವೈದ್ಯರ ಬಳಿ ಹೋದರೂ ಈ ಹೆರಿಗೆಯ ವಿಷಯ ತಿಳಿಸು.

ಆ ಹತ್ತು ನಿಮಿಷ ಮಗುವನ್ನು ಎತ್ತಿಕೊಳ್ಳುವ ಹೊಣೆಯನ್ನು ಗಂಡನಿಗೆ ಹೇಳಿ ಎಂದೆ. ತಾಯಿ ಒಪ್ಪಲಿಲ್ಲ. “ಅವರು ಭಾನುವಾರಕ್ಕೊಂದ್ಸಲ ಬರೋದು. ನಾನೇ ಎತ್ಕೋತೀನಿ, ಅವಳ ಜೊತೆಗೇ ನಡೀತೀನಿ. ನನಗೂ ಬಿಪಿ ಐತೆ,” ಅಂದರು. ಅವರ ಬಿಪಿಯನ್ನೂ ಆಗಲೇ ನೋಡಿಸಿದೆವು.