ಪೊರಕೆ ಯಾರ ಕೈಗೆ, ಗಂಟೆ ಯಾರ ಕೈಗೆ?

ಪತ್ರ: ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. 34 ಮಕ್ಕಳಿದ್ದಾರೆ. ಜೂನ್‌ನಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಹಂಚಿದ್ದೆ. ಒಂದು ದಿನ ಒಬ್ಬ ಹುಡುಗನ ತಾಯಿ ಬಂದು, "ನಾವು ಮಗನ್ನ ಕಸ ಗುಡಿಸೋಕೆ ಶಾಲೆಗೆ ಕಳಿಸ್ತಿಲ್ಲ ಟೀಚರ್" ಅಂತ ಅತ್ತುಬಿಟ್ಟರು. ಅವತ್ತಿನಿಂದ ಕೆಲಸ ಹಂಚುವುದನ್ನೇ ಬಿಟ್ಟಿದ್ದೇನೆ. ಈಗ ಎಲ್ಲವನ್ನೂ ಲೀಡರ್ ಒಬ್ಬನೇ ನೋಡಿಕೊಳ್ಳುತ್ತಾನೆ. ನಾನು ಮಾಡಿದ್ದು ತಪ್ಪಾ? - ಒಬ್ಬ ಶಿಕ್ಷಕಿ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ,

ಮಕ್ಕಳಿಗೆ ಕೆಲಸ ಕೊಟ್ಟಿದ್ದು ತಪ್ಪಲ್ಲ. ದಯವಿಟ್ಟು ಮತ್ತೆ ಶುರು ಮಾಡಿ. ಆದರೆ ಆ ತಾಯಿ ಅತ್ತರು ಅಂತ ಬರೆದಿದ್ದೀರಲ್ಲ, ಆ ಮಾತನ್ನು ದಾಟಿ ಮುಂದೆ ಹೋಗಲು ನನಗೆ ಆಗುತ್ತಿಲ್ಲ. ಜಗಳಕ್ಕೆ ಬಂದಿದ್ದರೆ ಬೇರೆ ಮಾತು. ಅವರು ಅತ್ತಿದ್ದಾರೆ.

ನಾನು ಓದಿದ ಶಾಲೆಯ ಅಂಗಳದಲ್ಲಿ ಬೇವಿನ ಮರಕ್ಕೆ ರೈಲು ಹಳಿಯ ಒಂದು ತುಂಡು ಕಟ್ಟಿದ್ದರು. ಅದೇ ನಮ್ಮ ಗಂಟೆ. ಗಂಟೆ ಬಾರಿಸುವುದು ಹುಡುಗರ ಕೆಲಸ. ಕಸ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುವುದು ಹುಡುಗಿಯರ ಕೆಲಸ. ಏಳು ವರ್ಷ ಅಲ್ಲಿ ಓದಿದೆ, ಆ ಕಬ್ಬಿಣದ ಸರಳು ಒಂದು ದಿನವೂ ನನ್ನ ಕೈಗೆ ಬರಲಿಲ್ಲ. ಇನ್ನೊಂದು ಕೆಲಸ ಇತ್ತು, ಮೇಷ್ಟ್ರಿಗೆ ಕುಡಿಯುವ ನೀರು ತರುವುದು. ತಂಬಿಗೆ ಹಿಡಿದು ಬೋರ್‌ವೆಲ್ ತನಕ ಓಡುವುದೆಂದರೆ ನಮಗೆಲ್ಲ ಹಬ್ಬ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯೂ "ನಾನು ಸಾರ್, ನಾನು ಸಾರ್" ಅಂತ ಪ್ರತಿ ಸಲ ಕೈ ಎತ್ತುತ್ತಿದ್ದಳು. ಅವಳಿಗೆ ಒಮ್ಮೆಯೂ ತಂಬಿಗೆ ಕೊಡಲಿಲ್ಲ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇಡೀ ಕ್ಲಾಸಿಗೆ ಗೊತ್ತಿತ್ತು. ಪೊರಕೆ ಮಾತ್ರ ಅವಳ ಪಾಲಿಗೆ ತಪ್ಪದೆ ಬರುತ್ತಿತ್ತು. ಐದನೇ ತರಗತಿಗೆ ಬರುವಷ್ಟರಲ್ಲಿ ಅವಳು ಕೈ ಎತ್ತುವುದನ್ನೇ ಬಿಟ್ಟಳು. ಲೆಕ್ಕದ ಉತ್ತರ ಗೊತ್ತಿದ್ದಾಗಲೂ ಎತ್ತುತ್ತಿರಲಿಲ್ಲ.

ನಿಮ್ಮ ಬಳಿ ಬಂದ ತಾಯಿ ಯಾರೋ, ಅವರ ಮನೆಯ ಕಥೆ ಏನೋ, ನನಗೆ ಗೊತ್ತಿಲ್ಲ. ಆದರೆ ಇಂಥ ತಂಬಿಗೆ, ಇಂಥ ಪೊರಕೆಗಳನ್ನು ನೋಡಿ ಬೆಳೆದವರು ನಮ್ಮಲ್ಲಿ ಲಕ್ಷಾಂತರ ಜನ ಇದ್ದಾರೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ ಸುದ್ದಿ ಬಂತು, ನೆನಪಿದೆಯಲ್ವಾ? ಆಮೇಲೆ ಶೌಚಾಲಯ ತೊಳೆಯಲು ಮಕ್ಕಳನ್ನು ಬಳಸಲೇಬಾರದು ಅಂತ ಸರ್ಕಾರ ಸುತ್ತೋಲೆ ಹೊರಡಿಸಿತು. ಆ ಸುದ್ದಿ ಕೇಳಿದ ತಾಯಿ "ಕಸ ಗುಡಿಸು" ಅನ್ನುವ ಮಾತಿಗೆ ಬೆಚ್ಚಿದರೆ ಅದು ಅವರ ತಪ್ಪಲ್ಲ. ನಿಮ್ಮ ಮಗನಿಗೇ ಯಾಕೆ ಈ ಕೆಲಸ ಅನ್ನುವುದಕ್ಕೆ ಗೋಡೆಯ ಮೇಲೆ ಉತ್ತರ ಇರಬೇಕು. ನೀವು ಬಾಯಲ್ಲಿ ಹೇಳಿದರೆ ಸಾಲದು. ಒಂದು ದೊಡ್ಡ ಹಾಳೆ ಅಂಟಿಸಿ. ಎಡಕ್ಕೆ ಕೆಲಸಗಳು, ಮೇಲೆ ತಾರೀಕುಗಳು, ಒಳಗೆ 34 ಹೆಸರುಗಳು. ಎಲ್ಲರಿಗೂ ಎಲ್ಲ ಕೆಲಸ ಸುತ್ತಿ ಬರಬೇಕು. ಹುಡುಗ, ಹುಡುಗಿ, ಜಾಣ, ದಡ್ಡ ಅಂತ ಯಾರನ್ನೂ ಬಿಡಬೇಡಿ. ಕೆಲಸವನ್ನು ಶಿಕ್ಷೆಯಾಗಿಯೂ ಕೊಡಬೇಡಿ, ಬಹುಮಾನವಾಗಿಯೂ ಕೊಡಬೇಡಿ.

ಇನ್ನು ಯಾವ ಕೆಲಸ? ನಾನು ನೋಡುವುದು ಇಷ್ಟೇ. ಮಗು ಆ ಕೆಲಸ ಮಾಡದಿದ್ದರೆ ಏನಾದರೂ ನಿಲ್ಲುತ್ತದಾ? ನಿಲ್ಲುವುದಾದರೆ ಅದು ನಿಜವಾದ ಕೆಲಸ. ನಿಮ್ಮ ಶಾಲೆಯಲ್ಲೇ ಒಂದಿದೆ. ಬಿಸಿಯೂಟಕ್ಕೆ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ತಲೆಗೆ 100 ಗ್ರಾಂ ಧಾನ್ಯ ಅಲ್ವಾ? ಬೆಳಿಗ್ಗೆ ಹಾಜರಿ ಆದ ತಕ್ಷಣ ಒಂದು ಮಗು ತಲೆ ಎಣಿಸಲಿ. ಇವತ್ತು 31 ಮಂದಿ. ಅಂದರೆ 3 ಕಿಲೋ 100 ಗ್ರಾಂ. ಅದನ್ನು ಚೀಟಿಯಲ್ಲಿ ಬರೆದು ಅಡುಗೆಯಮ್ಮನ ಕೈಗೆ ಕೊಟ್ಟು, ಅವರು ಅಕ್ಕಿ ತೂಗುವಾಗ ಪಕ್ಕದಲ್ಲಿ ನಿಂತು ನೋಡಿ ಬರಲಿ. ಲೆಕ್ಕ ತಪ್ಪಿದರೆ ಮಧ್ಯಾಹ್ನ ಯಾರಿಗೋ ಅನ್ನ ಕಮ್ಮಿ. ಗುಣಾಕಾರಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ತೋಚುತ್ತಿಲ್ಲ.

ಇನ್ನೊಂದು ವಿಷಯ. ನಿಮ್ಮ ಮಕ್ಕಳಿಗೆ ಜವಾಬ್ದಾರಿ ಹೊಸದೇನಲ್ಲ. ಮೂರನೇ ತರಗತಿವರೆಗೆ ನಲಿಕಲಿಯಲ್ಲಿ ಇದ್ದು ಬಂದವರು ಅವರು. 1995ರ ಹೊತ್ತಿಗೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಕೂತು ಕಟ್ಟಿದ ಪದ್ಧತಿ ಅದು. ಅಲ್ಲಿ ಆರು ವರ್ಷದ ಮಗು ತನ್ನ ಹಾಜರಿ ತಾನೇ ಹಾಕುತ್ತದೆ. ಹೊರಗೆ ಇಣುಕಿ ನೋಡಿ, ಮೋಡವೋ ಬಿಸಿಲೋ ಅಂತ ಹವಾಮಾನ ನಕ್ಷೆಯಲ್ಲಿ ಗುರುತು ಮಾಡುತ್ತದೆ. ತನ್ನ ಕಾರ್ಡ್ ತಾನೇ ಹುಡುಕಿ ತಂದು ಗುಂಪಿನಲ್ಲಿ ಕೂರುತ್ತದೆ. ಅದೇ ಮಗು ನಾಲ್ಕನೇ ತರಗತಿಗೆ ಬಂದ ದಿನ ಬೆಂಚಿನ ಮೇಲೆ ಕೈ ಕಟ್ಟಿ ಕೂರಬೇಕು, ಎಲ್ಲ ಕೆಲಸ ಲೀಡರ್‌ಗೆ. ಇದು ನನಗೆ ತುಂಬಾ ಬೇಸರ ತರುವ ಸಂಗತಿ.

ಆ ಲೀಡರ್ ಹುಡುಗನ ಬಗ್ಗೆಯೂ ಹೇಳಬೇಕು. ನೀವು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕೆಲಸ ಅವನಿಗೆ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಇವತ್ತೇ ತೆಗೆದುಬಿಡಿ. ಗೆಳೆಯನ ಹೆಸರು ಬಿಟ್ಟು, ಆಗದವನ ಹೆಸರು ಬರೆದು, ಆಮೇಲೆ ಒಂದು ಪೆನ್ಸಿಲ್‌ಗೆ ಅದನ್ನು ಅಳಿಸುವುದು ಅಲ್ಲೇ ಶುರುವಾಗುತ್ತದೆ. ಒಂಬತ್ತು ವರ್ಷದ ಮಗುವನ್ನು ಪೊಲೀಸ್ ಮಾಡುವುದು ಬೇಡ. ಅವನೂ ಎಲ್ಲರ ಜೊತೆ ಪಾಳಿಗೆ ಬರಲಿ.

ಪಾಳಿ ವಾರಕ್ಕೊಮ್ಮೆ ಬದಲಾದರೆ ಸಾಲದು ಅನ್ನುವುದು ನನ್ನ ಅನಿಸಿಕೆ. ಕೈ ಪಳಗುವಷ್ಟರಲ್ಲಿ ಶನಿವಾರ ಬಂದಿರುತ್ತದೆ. ಹದಿನೈದು ದಿನ ಇರಲಿ. ಒಂದು ಕೆಲಸಕ್ಕೆ ಇಬ್ಬರು, ಒಬ್ಬ ಹಳಬ, ಒಬ್ಬ ಹೊಸಬ. ಹಳಬ ಹೇಳಿಕೊಟ್ಟು ಬಿಡಲಿ. ಮೊದಮೊದಲು ಗಿಡಕ್ಕೆ ನೀರು ಜಾಸ್ತಿ ಆಗುತ್ತದೆ, ಚೀಟಿಯಲ್ಲಿ ಲೆಕ್ಕ ತಪ್ಪುತ್ತದೆ, ಗಂಟೆ ಐದು ನಿಮಿಷ ಮುಂಚೆ ಬಾರಿಸುತ್ತದೆ. ತಾಳ್ಮೆ ಇರಲಿ. ನೀವೇ ಮಾಡಿ ಮುಗಿಸಬೇಡಿ.

ಪೊರಕೆ ಪಟ್ಟಿಯಲ್ಲಿ ಇರಲಿ, ಆದರೆ ತರಗತಿಯ ಕೋಣೆಗೆ ಮಾತ್ರ. ಶೌಚಾಲಯ ಬೇಡವೇ ಬೇಡ. ಮೊದಲ ಸೋಮವಾರ ಪೊರಕೆಯ ಸಾಲಿನಲ್ಲಿ ನಿಮ್ಮ ಹೆಸರನ್ನೇ ಬರೆಯಿರಿ ಮೇಡಂ. ಅಕ್ಕಿ ಚೀಟಿಯ ಸಾಲಿನಲ್ಲಿ ಆ ಹುಡುಗನ ಹೆಸರಿರಲಿ. ಅವತ್ತು ಬೆಳಿಗ್ಗೆ ಅವನ ತಾಯಿಯನ್ನೂ ಶಾಲೆಗೆ ಬರಹೇಳಿ, ಅವರಿಗೊಂದು ಕುರ್ಚಿ ಹಾಕಿ.