ಬೆರಳು ಸುಡದ ಎರಡು ವರ್ಷ

ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಪುಣೆಯಲ್ಲಿ ಇ ಅಂಡ್ ಟಿಸಿ (ಎಲೆಕ್ಟ್ರಾನಿಕ್ಸ್ ಮತ್ತು ಟೆಲಿಕಮ್ಯುನಿಕೇಶನ್ ಎಂಜಿನಿಯರಿಂಗ್) ಮೂರನೇ ವರ್ಷ ಓದುವ ಹುಡುಗಿ, ಮನೆಯಲ್ಲಿ ಉತ್ತರ ಕರ್ನಾಟಕದ ಕನ್ನಡ. ರೋಬೋಟಿಕ್ಸ್ ತಂಡದ 22 ಜನರಲ್ಲಿ ಹುಡುಗಿಯರು ಮೂವರೇ. ತಂಡ ಬಿಡಬೇಕೆಂದು ನನ್ನ ಬಳಿ ಸಲಹೆಗೆ ಬಂದಿದ್ದಳು. ಇಂಥವರು ಮತ್ತೆ ಮತ್ತೆ ಬರುತ್ತಿದ್ದಾರೆ, ಅದಕ್ಕೇ ಈ ಬರಹ.

ಮೊದಲ ದಿನ “ನನಗ ಅಷ್ಟ ಬರಂಗಿಲ್ರಿ” ಎನ್ನುವುದನ್ನು ಬಿಟ್ಟು ಬೇರೆ ಮಾತಿಲ್ಲ. ಎರಡನೇ ಭೇಟಿಯಲ್ಲಿ, ತಂಡದಲ್ಲಿ ಈವರೆಗೆ ಮಾಡಿದ ಕೆಲಸವನ್ನೆಲ್ಲ ಹೇಳು ಎಂದೆ. ವರದಿ, ಪಿಪಿಟಿ, ಪ್ರಾಯೋಜಕರಿಗೆ ಪತ್ರ, ಬಿಲ್ಲು ಜೋಡಿಸುವುದು. “ಬೋರ್ಡ್ ಬೆಸುಗೆ ಹಾಕಾಕ ಕೈಗೆ ತಗೊಂಡ್ರ ಸಾಕು, ಯಾರರ ಬಂದು ‘ಕೊಡಿಲ್ಲೆ, ಕೈ ಸುಟ್ಕೋತಿ’ ಅಂತಾರ. ಎರಡ ವರ್ಷ ಆತ್ರಿ ಮೇಡಂ, ನನ್ನ ಬೆರಳ ಒಮ್ಮೆನೂ ಸುಟ್ಟಿಲ್ಲ.” ಹೇಳುತ್ತಾ ಎರಡೂ ಅಂಗೈ ಮೇಜಿನ ಮೇಲೆ ಬಿಡಿಸಿಟ್ಟಳು.

‘ಬರಂಗಿಲ್ಲ’ದ ಬೇರು ಅಲ್ಲಿತ್ತು. ಅವಳ ಕೈಯಿಂದ ಕೆಲಸ ಕಿತ್ತುಕೊಂಡಿದ್ದು ಕಾಳಜಿಯ ಹೆಸರಲ್ಲಿ. ಅದರ ಮೇಲೆ, ರೋಬೋಟ್ ಜೋಡಿಸಿ ಓಡಿಸಿ ನೋಡುವುದು ರಾತ್ರಿ ಹತ್ತರ ನಂತರ; ಅವಳು ಒಂಬತ್ತಕ್ಕೆ ಮನೆ ಸೇರಬೇಕು. ಕೆಡುವುದು, ರಿಪೇರಿಯಾಗುವುದು ಆ ಹೊತ್ತಿನಲ್ಲಿ; ಕಲಿಕೆಯೂ ಆಗಲೇ. ಮಹಾರಾಷ್ಟ್ರದಲ್ಲಿ ಎಂಜಿನಿಯರಿಂಗ್ ಪ್ರವೇಶಕ್ಕೆ ಹುಡುಗಿಯರಿಗೆ 30% ಸೀಟು ಮೀಸಲು, ಐಐಟಿಗಳಲ್ಲಿ 2018ರಿಂದ ಹೆಚ್ಚುವರಿ ಸೀಟೂ ಇದೆ. ವರ್ಕ್‌ಬೆಂಚಿನ ಮುಂದಿನ ಜಾಗಕ್ಕೆ ಯಾವ ಮೀಸಲಾತಿಯೂ ಇಲ್ಲ.

ಆರು ವಾರ ತಡೆದು ನಿರ್ಧರಿಸು ಎಂದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ತಾಪ್ಕೀರ್ ಗಲ್ಲಿಯಿಂದ 25 ವ್ಯಾಟಿನ ಸೋಲ್ಡರಿಂಗ್ ಐರನ್ (ಬೆಸುಗೆ ಕಡ್ಡಿ), 60/40 ಸೋಲ್ಡರ್ ವೈರ್ (60% ತವರ, 40% ಸೀಸದ ಬೆಸುಗೆ ತಂತಿ), ಪರ್ಫ್ ಬೋರ್ಡ್ (ಅಭ್ಯಾಸಕ್ಕೆ ತೂತುಗಳಿರುವ ಹಲಗೆ) ತಂದು ಮನೆಯಲ್ಲೇ 100 ಜಾಯಿಂಟ್ ಹಾಕು. ಪ್ಯಾಡ್ (ತೂತಿನ ಸುತ್ತಲ ತಾಮ್ರದ ಬಿಲ್ಲೆ) ಮತ್ತು ಬಿಡಿಭಾಗದ ಕಾಲು ಎರಡನ್ನೂ ಒಟ್ಟಿಗೆ ಎರಡು-ಮೂರು ಸೆಕೆಂಡು ಕಾಯಿಸಿ, ಆಮೇಲೆ ವೈರ್ ತಾಗಿಸಬೇಕು. ಐರನ್ ತುದಿಯಲ್ಲೇ ಸೋಲ್ಡರ್ ಕರಗಿಸಿ ಮೆತ್ತಿದರೆ ಮಂಕು ಉಂಡೆಯಾಗುತ್ತದೆ, ರೋಬೋಟ್ ಅಲುಗಾಡಿದಾಗ ಸಂಪರ್ಕ ತಪ್ಪುತ್ತದೆ. ಸೋಲ್ಡರಿನಲ್ಲಿ ಸೀಸ ಇರುತ್ತದೆ, ಕೈ ತೊಳೆದ ಮೇಲೇ ಊಟಕ್ಕೆ ಕೂರು; ಹೊಗೆ ಹೋಗಲು ಕಿಟಕಿ ತೆರೆದಿರಲಿ.

ತಂಡದಲ್ಲಿ ‘ಸಹಾಯ ಮಾಡಲಾ’ ಎಂದು ಕೇಳಬೇಡ. ಒಂದು ಭಾಗವನ್ನು ಪೂರ್ತಿ ಕೇಳು: ಮೋಟರ್ ಡ್ರೈವರ್ ಬೋರ್ಡಿನ (ಮೋಟರಿಗೆ ವಿದ್ಯುತ್ ಕೊಟ್ಟು ನಡೆಸುವ ಬೋರ್ಡ್) ವೈರಿಂಗ್, ಪರೀಕ್ಷೆ, ರಿಪೇರಿ, ಕೆಲಸದ ಪಟ್ಟಿಯಲ್ಲಿ ನಿನ್ನ ಹೆಸರು. ಆದೇಶ ಕೊಡುವ ಕಂಟ್ರೋಲರಿನ ಗ್ರೌಂಡನ್ನು (ಸೊನ್ನೆ ವೋಲ್ಟಿನ ತಂತಿ) ಡ್ರೈವರಿನ ಗ್ರೌಂಡಿಗೆ ಸೇರಿಸಲು ಮರೆತರೆ ಮೋಟರ್ ಮನಬಂದಂತೆ ನಡೆದುಕೊಳ್ಳುತ್ತದೆ. ನೀನೂ ಒಮ್ಮೆ ಮರೆಯುವೆ, ತಪ್ಪನ್ನು ನೀನೇ ಹುಡುಕು. ಉಳಿದವರು ಬಾಯಲ್ಲಿ ಹೇಳಲಿ, ಕೈ ಹಾಕುವುದು ಬೇಡ. ಓಡಿಸಿ ನೋಡುವುದು ಶನಿವಾರ ಬೆಳಿಗ್ಗೆ ಆಗಲಿ. ವರದಿ ಬರೆಯುವುದು ಎಲ್ಲರಿಗೂ ಸರದಿಯಂತೆ ಬರಲಿ.

ದೂರು ಕೊಡಿಸಬಹುದಿತ್ತಲ್ಲ, ಹುಡುಗಿಯರದೇ ಬೇರೆ ತಂಡ ಕಟ್ಟಿಸಬಹುದಿತ್ತಲ್ಲ ಎಂದು ಸಹೋದ್ಯೋಗಿಗಳು ಕೇಳಿದರು. ಕಿರುಕುಳ ಇದ್ದಿದ್ದರೆ ಅಂದೇ ಆಂತರಿಕ ದೂರು ಸಮಿತಿಗೆ ಕಳಿಸುತ್ತಿದ್ದೆ. ಅದನ್ನು ಮೊದಲೇ ವಿಚಾರಿಸಿದ್ದೆ. ಬೇರೆ ತಂಡವೆಂದರೆ ಹಿರಿಯರ ಅನುಭವ, ಬಿಡಿಭಾಗದ ಡಬ್ಬಿ ಎರಡನ್ನೂ ಹಳೆಯ ತಂಡಕ್ಕೇ ಬಿಟ್ಟು ಬಂದಂತೆ. ಅವಳದೂ ಆದದ್ದನ್ನು ಬಿಟ್ಟು ಬಾ ಎನ್ನಲು ನನಗೆ ಮನಸ್ಸಾಗಲಿಲ್ಲ.

ಬೋರ್ಡ್ ಸಿಕ್ಕಿದೆ, ಶನಿವಾರಕ್ಕೂ ಒಪ್ಪಿದ್ದಾರೆ. ವರದಿಯ ಸರದಿಗೆ ಹುಡುಗರು ಇನ್ನೂ ಒಪ್ಪಿಲ್ಲ. ಮುಂದಿನ ಸಲ ತಂಡದ ನಾಯಕನನ್ನೂ ಕರೆದುಕೊಂಡು ಬಾ ಎಂದಿದ್ದೇನೆ.